ಕ್ರಿ.ಶ. 125 ಎಲ್ಲಿಂದ ಬಂತು? ಪಿ-52 ಪಪೈರಸ್ ತುಣುಕಿನ ಪ್ರಕರಣ

ಬೈಬಲ್ಲಿನ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಪರಿಚಯಿಸುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಇಸ್ಪೀಟಿನ ಎಲೆಯಷ್ಟು ದೊಡ್ಡ, ಕೆಳಗೆ ಹೋದಂತೆ ಕಿರಿದಾಗುವ, ಪಪೈರಸ್ ಎಂಬ ಜೊಂಡಿನ ಹಾಳೆಯ ಒಂದು ಕಂದು ಚೂರು. ಮೇಲೆ ಏಳು ಸಾಲು ಗ್ರೀಕ್ ಅಕ್ಷರ. ಅಡಿಬರಹ: ಯೋಹಾನನ ಸುವಾರ್ತೆಯ ತುಣುಕು, ಕ್ರಿ.ಶ. 125. ಚೂರು ನಿಜ, ಪಠ್ಯವೂ ನಿಜ. ತಕರಾರು ಇರುವುದು ಆ ಇಸವಿಯ ಮೇಲೆ. 125 ಎಂದು ಆ ಪಪೈರಸ್ಸಿನ ಮೇಲೆ ಎಲ್ಲೂ ಬರೆದಿಲ್ಲ. ಅದನ್ನು ಮೊದಲು ಓದಿ ಪ್ರಕಟಿಸಿದವರು ಕೊಟ್ಟ ತೀರ್ಪೂ ಅದಾಗಿರಲಿಲ್ಲ. ಒಂದು ಅಂದಾಜು ಕಾಲಾವಧಿ ಕೈಯಿಂದ ಕೈಗೆ ದಾಟುತ್ತ ಒಂದೇ ಇಸವಿಯಾಗಿ ಗಟ್ಟಿಯಾದದ್ದು ಹೇಗೆ, ಆಮೇಲೆ ಅದು ಹೇಗೆ ಸಡಿಲವಾಯಿತು ಎಂಬುದೇ ಈ ಪ್ರಕರಣ.

ಚೂರು

ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿ ಇದರ ಸಂಖ್ಯೆ ಗ್ರೀಕ್ ಪಪೈರಸ್ 457. ಹೊಸ ಒಡಂಬಡಿಕೆಯ ಪಪೈರಸ್‌ಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪಿ-52. ಅಳತೆ ಸುಮಾರು 8.9 × 6 ಸೆಂ.ಮೀ. ಪಪೈರಸ್ ತಜ್ಞ ಬರ್ನಾರ್ಡ್ ಗ್ರೆನ್‌ಫೆಲ್ 1920ರಲ್ಲಿ ಈಜಿಪ್ಟಿನ ವ್ಯಾಪಾರಿಗಳಿಂದ ಕೊಂಡ ಪಪೈರಸ್‌ಗಳ ರಾಶಿಯಲ್ಲಿ ಇದೂ ಒಂದು. ಕೊಂಡದ್ದು ಅಂಗಡಿಯಿಂದ, ಅಗೆದು ತೆಗೆದದ್ದಲ್ಲ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು. ಮಣ್ಣಿನ ಯಾವ ಪದರದಲ್ಲಿ ಸಿಕ್ಕಿತು, ಪಕ್ಕದಲ್ಲಿ ತೇದಿ ಇದ್ದ ಯಾವ ಕಾಗದ ಬಿದ್ದಿತ್ತು ಎಂಬ ಮಾಹಿತಿಯೆಲ್ಲ ವ್ಯಾಪಾರಿಯ ಕೈಗೆ ಬರುವ ಮುಂಚೆಯೇ ಅಳಿಸಿಹೋಗಿತ್ತು. ಸಿಕ್ಕಿದ ಜಾಗ ಈಜಿಪ್ಟಿನ ಫಯೂಮ್ ಇರಬಹುದು, ಆಕ್ಸಿರಿಂಕಸ್ ಇರಬಹುದು ಎಂಬ ಊಹೆಗಳಷ್ಟೇ ಉಳಿದವು.

ಗ್ರೆನ್‌ಫೆಲ್ ಹೆಸರು ಕನ್ನಡದ ಓದುಗರಿಗೆ ಬೇರೊಂದು ದಾರಿಯಿಂದ ಪರಿಚಯ. ಭಾರತದ ಕಡಲತೀರದಲ್ಲಿ ನಡೆಯುವ, ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ಶಾಸನತಜ್ಞ ಹುಲ್ಶ್ ವಾದಿಸಿದ, ಇಂದಿಗೂ ಜಗಳ ಮುಗಿಯದ ಗ್ರೀಕ್ ಪ್ರಹಸನವಿದೆಯಲ್ಲ, ಆ ಆಕ್ಸಿರಿಂಕಸ್ ಪಪೈರಸ್ 413ನ್ನು 1903ರಲ್ಲಿ ಪ್ರಕಟಿಸಿದ್ದು ಇದೇ ಗ್ರೆನ್‌ಫೆಲ್ ಮತ್ತು ಅವರ ಜೊತೆಗಾರ ಆರ್ಥರ್ ಹಂಟ್. ಅದನ್ನು ಎರಡನೆಯ ಶತಮಾನದ್ದು ಎನ್ನುವುದಕ್ಕೆ ಇರುವ ಆಧಾರವೂ ಅಕ್ಷರದ ರೂಪವೇ. ಹಾಗಾಗಿ ಮುಂದೆ ಹೇಳುವ ವಿಧಾನದ ಬಲ, ದೌರ್ಬಲ್ಯ ಎರಡೂ ನಮ್ಮ ಆ ಚರ್ಚೆಗೂ ಅನ್ವಯಿಸುತ್ತವೆ.

1926ರಲ್ಲಿ ಗ್ರೆನ್‌ಫೆಲ್, 1934ರಲ್ಲಿ ಹಂಟ್ ತೀರಿಕೊಂಡರು. ಪ್ರಕಟವಾಗದೆ ಉಳಿದ ರೈಲಂಡ್ಸ್ ಪಪೈರಸ್‌ಗಳನ್ನು ವಿಂಗಡಿಸುವ ಕೆಲಸ ಆಕ್ಸ್‌ಫರ್ಡಿನ ಕಾಲಿನ್ ರಾಬರ್ಟ್ಸ್ ಕೈಗೆ ಬಂತು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ವಯಸ್ಸು. ಈ ಚೂರನ್ನು 1934ರಲ್ಲಿ ಗುರುತಿಸಿ 1935ರಲ್ಲಿ ಒಂದು ಕಿರುಪುಸ್ತಕವಾಗಿ ಪ್ರಕಟಿಸಿದರು.

ಓದಿದ್ದು ಮತ್ತು ತುಂಬಿದ್ದು

ಪಪೈರಸ್ ಹಾಳೆಯಲ್ಲಿ ಜೊಂಡಿನ ಸೀಳುಗಳ ಎರಡು ಪದರ ಇರುತ್ತದೆ, ಒಂದು ಅಡ್ಡ, ಒಂದು ಉದ್ದ. ಸುರುಳಿಯಲ್ಲಿ ಸಾಮಾನ್ಯವಾಗಿ ಎಳೆಗಳು ಅಡ್ಡವಾಗಿರುವ ಒಳಮೈ ಮೇಲೆ ಮಾತ್ರ ಬರೆಯುತ್ತಿದ್ದರು. ಈ ಚೂರಿನಲ್ಲಿ ಎರಡೂ ಮೈ ಮೇಲೆ ಒಂದೇ ಕೈಬರಹ, ಒಂದೇ ಕೃತಿ. ಎಂದರೆ ಇದು ಸುರುಳಿಯ ತುಂಡಲ್ಲ. ಹಾಳೆ ಮಡಚಿ ಹೊಲಿದ ಪುಸ್ತಕದ, ಅಂದರೆ ಕೋಡೆಕ್ಸ್‌ನ ಒಂದು ಎಲೆ.

ಮುಮ್ಮೈಯಲ್ಲಿ ಯೋಹಾನ 18ನೆಯ ಅಧ್ಯಾಯದ 31ರಿಂದ 33, ಹಿಮ್ಮೈಯಲ್ಲಿ 37 ಮತ್ತು 38ನೆಯ ವಚನಗಳ ಭಾಗ. ರೋಮನ್ ಅಧಿಕಾರಿ ಪಿಲಾತನ ಮುಂದೆ ಯೇಸುವಿನ ವಿಚಾರಣೆಯ ಸಂದರ್ಭ. ಎಲೆಯ ಮೇಲಂಚೂ ಹೊಲಿಗೆಯ ಕಡೆಯ ಅಂಚೂ ಸ್ವಲ್ಪ ಉಳಿದಿರುವುದು ಓದಿದವರ ಭಾಗ್ಯ. ಅದರಿಂದ ಮುಮ್ಮೈಯಲ್ಲಿ ಸಿಗುವುದು ಸಾಲುಗಳ ಆರಂಭ, ಹಿಮ್ಮೈಯಲ್ಲಿ ಸಿಗುವುದು ಸಾಲುಗಳ ಕೊನೆ ಎಂದು ಖಚಿತವಾಗುತ್ತದೆ.

ಎರಡು ಬದಿಯ ಮೊದಲ ಸಾಲೂ ಪುಟದ ಮೊದಲ ಸಾಲೇ ಆಗಿರುವುದರಿಂದ ಇಡೀ ಪುಸ್ತಕದ ಗಾತ್ರವನ್ನು ಲೆಕ್ಕ ಹಾಕಬಹುದು. ಮುಮ್ಮೈಯ ಮೊದಲ ಅಕ್ಷರದಿಂದ ಹಿಮ್ಮೈಯ ಮೊದಲ ಅಕ್ಷರದವರೆಗೆ ಗ್ರೀಕ್ ಪಠ್ಯದಲ್ಲಿ ಎಷ್ಟು ಅಕ್ಷರ ಇದೆ ಎಂದು ಎಣಿಸಿದರೆ ಅದೇ ಒಂದು ಪುಟದ ಅಳತೆ. ಅದು ಸುಮಾರು 600 ಬರುತ್ತದೆ. ಉಳಿದ ಸಾಲುಗಳ ಆರಂಭ, ಕೊನೆಗಳನ್ನು ತಿಳಿದ ಪಠ್ಯದ ಮೇಲೆ ಕೂರಿಸಿದರೆ ಮುಮ್ಮೈಯ ಸಾಲಿಗೆ ಸರಾಸರಿ 33 ಅಕ್ಷರ. ಭಾಗಿಸಿದರೆ ಪುಟಕ್ಕೆ 18 ಸಾಲು. ಉಳಿದ ಏಳು ಸಾಲಿನ ಎತ್ತರದಿಂದ ಹದಿನೆಂಟರ ಎತ್ತರ ತೆಗೆದು ಅಂಚು ಸೇರಿಸಿದಾಗ ರಾಬರ್ಟ್ಸ್‌ಗೆ ಸಿಕ್ಕಿದ್ದು ಸುಮಾರು 21 × 20 ಸೆಂ.ಮೀ. ಪುಟ, ಹೆಚ್ಚುಕಡಿಮೆ ಚೌಕ. ಇಡೀ ಸುವಾರ್ತೆಯಲ್ಲಿ ಸುಮಾರು 70,000 ಅಕ್ಷರಗಳಿವೆ. ಈ ಲೆಕ್ಕದಲ್ಲಿ ಅದಕ್ಕೆ ಸುಮಾರು 120 ಪುಟ, ಹಿಮ್ಮೈಯ ಸಾಲುಗಳು ಇನ್ನೂ ಕಿರಿದಾದ್ದರಿಂದ 130ರವರೆಗೂ ಬೇಕು. ನಾಲ್ಕು ಸುವಾರ್ತೆಗಳೂ ಸೇರಿದ ಪುಸ್ತಕ ಇದಾಗಿರಲಾರದು ಎಂಬ ಅನುಮಾನಕ್ಕೆ ಈ ಸಂಖ್ಯೆಯೇ ಕಾರಣ. ಆ ಗಾತ್ರದ ಅಕ್ಷರದಲ್ಲಿ ನಾಲ್ಕನ್ನೂ ಬರೆದರೆ ಹೊಲಿಗೆ ತಡೆಯದಷ್ಟು ದಪ್ಪವಾಗುತ್ತಿತ್ತು.

ಇದೇ ಎಣಿಕೆ ಪಾಠಾಂತರವನ್ನೂ ಹಿಡಿದುಕೊಡುತ್ತದೆ. ಹಿಮ್ಮೈಯ ಎರಡನೆಯ ಸಾಲು ತೆಗೆದುಕೊಳ್ಳಿ. ಸಾಮಾನ್ಯ ಪಾಠದಲ್ಲಿ 'ಇದಕ್ಕಾಗಿ ಹುಟ್ಟಿದೆನು, ಇದಕ್ಕಾಗಿ ಲೋಕಕ್ಕೆ ಬಂದೆನು' ಎಂದು 'ಇದಕ್ಕಾಗಿ' ಎರಡು ಸಲ ಬರುತ್ತದೆ. ಗ್ರೀಕಿನಲ್ಲಿ ಅದು 'ಐಸ್ ತೂತೊ', ಎಂಟು ಅಕ್ಷರ. ಎರಡನೆಯ ಸಲದ್ದನ್ನೂ ಸೇರಿಸಿ ಬರೆದರೆ ಆ ಸಾಲು 38 ಅಕ್ಷರಕ್ಕೆ ಹಿಗ್ಗುತ್ತದೆ. ಅದರ ಕೆಳಗಿನ ಎರಡು ಸಾಲು 30 ಮತ್ತು 28. ಬಿಟ್ಟರೆ 30, ನೆಟ್ಟಗೆ ಕೂರುತ್ತದೆ. ಹಾಗಾಗಿ ಈ ಪ್ರತಿಯಲ್ಲಿ ಎರಡನೆಯ 'ಇದಕ್ಕಾಗಿ' ಇರಲಿಲ್ಲ ಎಂದು ಹೆಚ್ಚಿನವರು ಒಪ್ಪುತ್ತಾರೆ. ಲಿಪಿಕಾರನ ಕಣ್ಣು ಜಾರಿತೋ, ಅವನ ಮುಂದಿದ್ದ ಮೂಲದಲ್ಲೇ ಇರಲಿಲ್ಲವೋ ಎಂದು ಮಾತ್ರ ಎಣಿಕೆ ಹೇಳಲಾರದು.

ಆದರೆ ಎಣಿಕೆಗೆ ಮಿತಿ ಇದೆ. ವ್ಯತ್ಯಾಸ ಎಂಟು ಅಕ್ಷರದ್ದಾದರೆ ಕಣ್ಣಿಗೆ ಹೊಡೆಯುತ್ತದೆ. ಮೂರು ನಾಲ್ಕಾದರೆ ಇಲ್ಲ. ಯೇಸು ಎಂಬ ಹೆಸರಿನ ವಿಷಯದಲ್ಲಿ ಆದದ್ದು ಇದೇ. ಆರಂಭದ ಕ್ರೈಸ್ತ ಲಿಪಿಕಾರರು ದೇವರು, ಕರ್ತ, ಯೇಸು, ಕ್ರಿಸ್ತ ಎಂಬ ಪವಿತ್ರನಾಮಗಳನ್ನು ಎರಡು ಮೂರು ಅಕ್ಷರಕ್ಕೆ ಕುಗ್ಗಿಸಿ ಮೇಲೆ ಗೆರೆ ಎಳೆಯುತ್ತಿದ್ದರು. ಈ ಎಲೆಯ ಮುಮ್ಮೈಯಲ್ಲಿ ಯೇಸುವಿನ ಹೆಸರು ಎರಡು ಕಡೆ ಬರಬೇಕು, ಎರಡನೆಯ ಮತ್ತು ಐದನೆಯ ಸಾಲಿನಲ್ಲಿ. ಎರಡೂ ಹರಿದುಹೋದ ಭಾಗಕ್ಕೇ ಸೇರಿವೆ. ಪೂರ್ತಿ ಬರೆದಿದ್ದರೆ ಆ ಸಾಲುಗಳು 34 ಮತ್ತು 32, ಕುಗ್ಗಿಸಿದ್ದರೆ 31 ಮತ್ತು 28. ಮೊದಲ ಸಾಲು 35 ಅಕ್ಷರ, ಮೂರನೆಯದು 31. ನಾಲ್ಕೂ ಸಂಖ್ಯೆಗಳನ್ನು ಈ ಲಿಪಿಕಾರನ ಕೈ ತಾಳಿಕೊಳ್ಳುತ್ತದೆ. 2001ರಲ್ಲಿ ಕ್ರಿಸ್ಟೋಫರ್ ಟಕೆಟ್ ಪೂರ್ತಿ ಬರೆದಿರಬೇಕು ಎಂದರು, ಚಾರ್ಲ್ಸ್ ಹಿಲ್ ಮತ್ತು ಲ್ಯಾರಿ ಹರ್ಟಾಡೊ ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಚೂರಿನಿಂದ ಆ ಪ್ರಶ್ನೆ ತೀರುವುದಿಲ್ಲ.

ಜನ ಮರೆಯುವ ಇನ್ನೊಂದು ಸಂಗತಿ: ಪಿಲಾತನ ಹೆಸರಾಂತ ಪ್ರಶ್ನೆ, 'ಸತ್ಯವೆಂದರೇನು', ಈ ಚೂರಿನ ಮೇಲೆ ಇಲ್ಲ. ಅದು ಹಿಮ್ಮೈಯ ಐದನೆಯ ಸಾಲಿನಲ್ಲಿ, ಹರಿದುಹೋದ ಎಡಭಾಗದಲ್ಲಿ ಇದ್ದಿರಬೇಕು. ಉಳಿದಿರುವುದು ಅದರ ಮುಂದಿನ 'ಇದನ್ನು' ಎಂಬ ಅರ್ಥದ ಮಾತು. ಪಿಲಾತನ ಹೆಸರಿನಲ್ಲೂ ಮುಮ್ಮೈಯಲ್ಲಿ ಉಳಿದದ್ದು ಮೊದಲಕ್ಷರ 'ಪೈ' ಮಾತ್ರ. ಪುಸ್ತಕಗಳಲ್ಲಿ ಅಚ್ಚಾಗುವ ಪಠ್ಯದಲ್ಲಿ ಚೌಕ ಆವರಣದೊಳಗೆ ಇರುವುದೆಲ್ಲ ಸಂಪಾದಕರು ತುಂಬಿದ್ದು. ಆವರಣ ತೆಗೆದು ಉಲ್ಲೇಖಿಸಿದ ಕೂಡಲೇ ಸಾಕ್ಷಿ ಇಲ್ಲದ್ದು ಸಾಕ್ಷಿಯಾಗಿಬಿಡುತ್ತದೆ.

ಅಕ್ಷರ ನೋಡಿ ಕಾಲ ಹೇಳುವುದು

ಈಗ ಇಸವಿಗೆ ಬರೋಣ. ನಮ್ಮಲ್ಲಿ ತೇದಿ ಇಲ್ಲದ ಶಾಸನಕ್ಕೆ ಲಿಪಿ ನೋಡಿ ಕಾಲ ಕಟ್ಟುವ ಹಾಗೆಯೇ ಇಲ್ಲೂ. ಈಜಿಪ್ಟಿನಲ್ಲಿ ಒಂದು ಅನುಕೂಲ ಇತ್ತು: ಕಂದಾಯದ ರಸೀದಿ, ಅರ್ಜಿ, ಕರಾರುಪತ್ರಗಳಲ್ಲಿ ಚಕ್ರವರ್ತಿ ಪಟ್ಟಕ್ಕೆ ಬಂದ ಎಷ್ಟನೆಯ ವರ್ಷ ಎಂದು ಬರೆಯುತ್ತಿದ್ದರು. ಆದ್ದರಿಂದ ದಾಖಲೆಗಳಿಗೆ ತೇದಿ ಇದೆ. ಸಾಹಿತ್ಯದ ಪ್ರತಿಗಳಿಗೆ ಸಾಮಾನ್ಯವಾಗಿ ಇಲ್ಲ. ಸಾಹಿತ್ಯದ ಬರಹ ದುಂಡಗೆ, ಬಿಡಿಬಿಡಿಯಾಗಿ, ಹಳೆಯ ಮಾದರಿಯನ್ನು ಹಿಡಿದುಕೊಂಡು ನಿಧಾನ ಬದಲಾಗುತ್ತದೆ. ದಾಖಲೆಯ ಬರಹ ಅವಸರದ್ದು, ಕೂಡಿಕೊಂಡದ್ದು, ಬೇಗ ಬದಲಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಕಾಲ ಸಾಗಿಸುವಾಗಲೇ ಎಡವುವುದು.

ಪಿ-52ರ ಕೈ ಇವೆರಡರ ನಡುವಿನದು. ದಾಖಲೆ ಬರೆದು ಪಳಗಿದವನು ಪುಸ್ತಕಕ್ಕೆಂದು ಎಚ್ಚರಿಕೆಯಿಂದ ಬರೆದಂತಿದೆ. ಅಕ್ಷರ ದಪ್ಪ, ದುಂಡು. 'ಸಿಗ್ಮಾ', 'ಈಟಾ'ಗಳನ್ನು ಒಂದೇ ಎಳೆತದಲ್ಲಿ ಮುಗಿಸದೆ ಹಲವು ಗೆರೆ ಕೂಡಿಸಿ ಮಾಡಿದ್ದಾನೆ. 'ಒಮೇಗಾ', 'ಅಯೋಟಾ', 'ಉಪ್ಸಿಲಾನ್'ಗಳ ತುದಿಗೆ ಸಣ್ಣ ಕೊಕ್ಕೆ. ಪದಗಳ ನಡುವೆ ಅಲ್ಲಲ್ಲಿ ಚೂರು ಜಾಗ. ಪದದ ಮೊದಲಿಗೆ ಬರುವ 'ಅಯೋಟಾ'ದ ಮೇಲೆ ಎರಡು ಚುಕ್ಕಿ. ಕಾಗುಣಿತ ಉಚ್ಚಾರದ ಹಿಂದೆ ಹೋಗಿದೆ: ಆ ಕಾಲಕ್ಕೆ 'ಎಇ' ಮತ್ತು 'ಇ' ಎರಡೂ ಬಾಯಲ್ಲಿ ಒಂದೇ ಆಗಿದ್ದವು, ಅದಕ್ಕೇ 'ನಮಗೆ' ಎಂಬ ಪದಕ್ಕೆ ಬೇಡದ ಅಕ್ಷರ ಸೇರಿದೆ, 'ಒಳಗೆ ಹೋದನು' ಎಂಬುದರ ಮೊದಲಿಂದ ಬೇಕಾದ ಅಕ್ಷರ ಬಿದ್ದಿದೆ. ಇದು ಅಂದಿನ ಈಜಿಪ್ಟಿನ ಗ್ರೀಕಿನಲ್ಲಿ ಮಾಮೂಲು, ಕಾಲ ಹೇಳಲು ಉಪಯೋಗವಿಲ್ಲ.

ರಾಬರ್ಟ್ಸ್ ಹೋಲಿಕೆಗೆ ಹಿಡಿದ ದಾಖಲೆಗಳಲ್ಲಿ ಕ್ರಿ.ಶ. 94ರ ಫಯೂಮ್ ಪಪೈರಸ್ 110 ಒಂದು, ಗೆಮೆಲ್ಲಸ್ ಎಂಬ ಜಮೀನುದಾರನ ಪತ್ರ, ಕ್ರಿ.ಶ. 127ರ ಓಸ್ಲೋ ಪಪೈರಸ್ 22 ಇನ್ನೊಂದು. ಜೊತೆಗೆ ತೇದಿ ಇಲ್ಲದ, ಕ್ರೈಸ್ತ ವಸ್ತುವಿನದೇ ಆದ ಎಜರ್ಟನ್ ಪಪೈರಸ್ 2. ಅದನ್ನು ಹೆರಾಲ್ಡ್ ಇದ್ರಿಸ್ ಬೆಲ್ ಮತ್ತು ಥಿಯೋಡರ್ ಸ್ಕೀಟ್ ಅದೇ 1935ರಲ್ಲಿ ಪ್ರಕಟಿಸಿ ಎರಡನೆಯ ಶತಮಾನದ ಮಧ್ಯಭಾಗದ ಆಚೆಗೆ ಹೋಗದು ಎಂದಿದ್ದರು. ರಾಬರ್ಟ್ಸ್ ಹಿರಿಯರಾದ ಫ್ರೆಡರಿಕ್ ಕೆನ್ಯನ್, ವಿಲ್ಹೆಲ್ಮ್ ಶುಬಾರ್ಟ್, ಬೆಲ್ ಇವರನ್ನು ಕೇಳಿದರು, ಅವರೆಲ್ಲ ಒಪ್ಪಿದರು. ಬಂದ ತೀರ್ಪು: ಎರಡನೆಯ ಶತಮಾನದ ಪೂರ್ವಾರ್ಧ, ಹೆಚ್ಚಿನ ಸಂಭವ. ಅಂದರೆ 100ರಿಂದ 150. ಅಡಾಲ್ಫ್ ಡೈಸ್‌ಮನ್ ಇನ್ನೂ ಮುಂದೆ ಹೋಗಿ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಆಳ್ವಿಕೆ (117–138), ಅವನಿಗಿಂತ ಹಿಂದಿನ ಟ್ರೇಜನ್ನನ ಕಾಲವೂ ಆದೀತು ಎಂದರು.

ಅಷ್ಟು ಸಂಭ್ರಮ ಯಾಕೆಂದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಎಫ್. ಸಿ. ಬೌರ್ ಈ ಸುವಾರ್ತೆಯನ್ನು ಎರಡನೆಯ ಶತಮಾನದ ಉತ್ತರಾರ್ಧಕ್ಕೆ ತಳ್ಳಿದ್ದರು. ನೈಲ್ ನದಿಯ ತೀರದಲ್ಲಿ ಅದರ ಪ್ರತಿಯೇ 150ರೊಳಗೆ ಓಡಾಡುತ್ತಿದ್ದರೆ ಮೂಲ ಅದಕ್ಕಿಂತ ಹಳೆಯದಾಗಲೇಬೇಕು. 100ರಿಂದ 150ರ ನಡುಬಿಂದು 125. ಕೈಪಿಡಿಗಳಿಗೆ ಒಂದು ಸಂಖ್ಯೆ ಬೇಕಿತ್ತು, ಅದನ್ನು ಎತ್ತಿಕೊಂಡವು. ಕೆಲವು '125ರ ಮುಂಚೆ' ಎಂದೂ ಬರೆದವು. ಒಬ್ಬ ಲಿಪಿಕಾರ ಮೂವತ್ತು ನಲವತ್ತು ವರ್ಷ ಒಂದೇ ಕೈಯಲ್ಲಿ ಬರೆಯುತ್ತಾನೆ ಎಂಬುದೊಂದನ್ನು ನೆನೆದರೂ ಸಾಕಿತ್ತು, ಬರಿಯ ಬರಹ ನೋಡಿ ಐವತ್ತು ವರ್ಷಕ್ಕಿಂತ ಕಿರಿದಾಗಿ ಹೇಳಲು ಯಾರಿಗೂ ಧೈರ್ಯ ಬರಬಾರದು.

ಆಧಾರ ಕದಲಿದ್ದು

ಮೊದಲ ಪೆಟ್ಟು ಬಿದ್ದದ್ದು ಪಿ-52ಕ್ಕಲ್ಲ, ಅದು ಒರಗಿಕೊಂಡಿದ್ದ ಎಜರ್ಟನ್ನಿಗೆ. 1987ರಲ್ಲಿ ಮಿಖಾಯೆಲ್ ಗ್ರೋನೆವಾಲ್ಡ್ ಕಲೋನಿನ ಸಂಗ್ರಹದಿಂದ ಕಲೋನ್ ಪಪೈರಸ್ 255 ಎಂಬ ಚೂರನ್ನು ಪ್ರಕಟಿಸಿದರು. ಅದು ಲಂಡನ್ನಿನಲ್ಲಿದ್ದ ಎಜರ್ಟನ್ ಎಲೆಯ ಕೆಳಗಿನ ತುಂಡು. ಅದರಲ್ಲಿ 'ಗಾಮಾ', 'ಕಪ್ಪಾ' ಎಂಬ ಎರಡು ವ್ಯಂಜನಗಳ ನಡುವೆ ಒಂದು ಪುಟ್ಟ ಕೊಕ್ಕೆ ಗುರುತು ಇತ್ತು. ಎರಿಕ್ ಟರ್ನರ್ ಎಂಬ ಪಪೈರಸ್ ಪಂಡಿತರು ಈ ಗುರುತು ಮೂರನೆಯ ಶತಮಾನದ ಆರಂಭದಿಂದ ರೂಢಿಗೆ ಬಂತು ಎಂದು ಮೊದಲೇ ತೋರಿಸಿದ್ದರು. ಅದಕ್ಕೂ ಹಿಂದಿನ ಉದಾಹರಣೆಗಳು ಇಲ್ಲವೆಂದಲ್ಲ, ವಿರಳ. ಎಜರ್ಟನ್ನಿನ ಕಾಲ 200ರ ಕಡೆಗೆ ಜಾರಿತು. ಎರಡೂ ಒಂದಕ್ಕೊಂದು ಹತ್ತಿರದ ಕೈ ಎಂದು ರಾಬರ್ಟ್ಸ್ ವಾದಿಸಿದ್ದು ನಿಜವಾದರೆ ಪಿ-52 ಕೂಡ ಜಾರಬೇಕಲ್ಲವೇ? ತೇದಿ ಇಲ್ಲದ್ದನ್ನು ತೇದಿ ಇಲ್ಲದ್ದಕ್ಕೆ ಕಟ್ಟಿದಾಗ ಒಂದು ಕಿತ್ತರೆ ಇನ್ನೊಂದೂ ಅಲುಗುತ್ತದೆ. 1989ರಲ್ಲಿ ಆಂಡ್ರಿಯಾಸ್ ಶ್ಮಿಟ್ ಪಿ-52ಕ್ಕೆ 170ರ ಆಸುಪಾಸು, ಹಿಂದೆ ಮುಂದೆ 25 ವರ್ಷ ಎಂಬ ಹೊಸ ಅಂದಾಜು ಕೊಟ್ಟರು.

ಎರಡನೆಯ ಪೆಟ್ಟು ವಿಧಾನಕ್ಕೇ ಬಿತ್ತು. 2005ರಲ್ಲಿ ಬ್ರೆಂಟ್ ನೋಂಗ್ಬ್ರಿ 'ಹಾರ್ವರ್ಡ್ ಥಿಯೋಲಾಜಿಕಲ್ ರಿವ್ಯೂ'ನಲ್ಲಿ ಒಂದು ಲೇಖನ ಬರೆದರು. ರಾಬರ್ಟ್ಸ್ ಕೊಟ್ಟ ಹೋಲಿಕೆಗಳು ಸುಳ್ಳು ಎಂದು ಅವರು ಹೇಳಲಿಲ್ಲ. ಅವರು ಮಾಡಿದ್ದು ಇಷ್ಟೇ: ಹುಡುಕುವ ಕಾಲವನ್ನು 150ಕ್ಕೆ ನಿಲ್ಲಿಸದೆ ಮುಂದಕ್ಕೂ ಒಯ್ದು, ತೇದಿ ಇರುವ ದಾಖಲೆಗಳಲ್ಲಿ ಇದೇ ಅಕ್ಷರರೂಪಗಳಿವೆಯೇ ಎಂದು ನೋಡಿದರು. ಇದ್ದವು. ಮಿಶಿಗನ್ನಿನ 152ರ ಸುಮಾರಿನ ಒಂದು ದಾಖಲೆಯಲ್ಲಿ, ಆಮೇಲಿನ ದಶಕಗಳವುಗಳಲ್ಲಿ, ಮೂರನೆಯ ಶತಮಾನದ ಆರಂಭದವುಗಳಲ್ಲೂ. 94ರಲ್ಲೂ ಸಿಗುವ, 200ರ ಆಚೆಯೂ ಸಿಗುವ ರೂಪವೊಂದು 125ನ್ನು ತೋರಿಸುವುದು ಹೇಗೆ? ಎರಡನೆಯ ಶತಮಾನದ ಕೊನೆ, ಮೂರನೆಯದರ ಆರಂಭ ಇವನ್ನೂ ಸಾಧ್ಯತೆಯೊಳಗೆ ಇಟ್ಟುಕೊಳ್ಳಲೇಬೇಕು ಎಂಬುದು ಅವರ ನಿಲುವು. ಇದನ್ನು 'ಪಿ-52 ಮೂರನೆಯ ಶತಮಾನದ್ದು ಎಂದು ಸಾಬೀತಾಯಿತು' ಎಂದು ಓದುವವರೂ ಹುಟ್ಟಿಕೊಂಡರು. ಅದು 125ರ ತಪ್ಪನ್ನೇ ಇನ್ನೊಂದು ತುದಿಯಿಂದ ಮಾಡಿದಂತೆ.

2012ರಲ್ಲಿ ಪಾಸ್ಕ್ವಾಲೆ ಓರ್ಸಿನಿ ಮತ್ತು ವಿಲ್ಲಿ ಕ್ಲಾರಿಸ್ ಹೊಸ ಒಡಂಬಡಿಕೆಯ ಹಳೆಯ ಪ್ರತಿಗಳ ಕಾಲಗಳನ್ನೆಲ್ಲ ಮರುಪರಿಶೀಲಿಸಿದರು. ಬಿಡಿ ಅಕ್ಷರ ಹೊಂದಿಸುವುದಕ್ಕಿಂತ ಬರಹದ ಒಟ್ಟು ಶೈಲಿಯನ್ನು ಹಿಡಿಯಬೇಕು ಎಂಬುದು ಅವರ ಪಟ್ಟು. ಪಿ-52ಕ್ಕೆ ಅವರು ಕೊಟ್ಟದ್ದು 125ರಿಂದ 175. ಒಂದು ಕಾಲಕ್ಕೆ ನಡುಬಿಂದುವಾಗಿದ್ದ 125 ಈಗ ಮೊದಲ ಗಡಿ. ನಮಗೆ ಓರ್ಸಿನಿ, ಕ್ಲಾರಿಸರ ಶೈಲಿಯ ವಾದ ಒಪ್ಪಿಗೆ, ಆದರೆ ಏಳು ಏಳು ಸಾಲಿನ ಚೂರಿಗೆ ಐವತ್ತು ವರ್ಷದ ಕಿಂಡಿ ಇಕ್ಕಟ್ಟು ಎನಿಸುತ್ತದೆ. 100ರಿಂದ 225ರೊಳಗೆ, ಎರಡನೆಯ ಶತಮಾನದ ನಡುಭಾಗಕ್ಕೆ ಹೆಚ್ಚು ಒಲವು ಎಂದರೆ ಯಾರಿಗೂ ಅನ್ಯಾಯವಾಗದು.

ಇಂಗಾಲ-14 ಪರೀಕ್ಷೆ ಮಾಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ಮಾದರಿಯನ್ನು ಸುಟ್ಟು ಹಾಳುಮಾಡಬೇಕು. ಈ ಅಳತೆಯ ಚೂರಿನಿಂದ ಕತ್ತರಿಸಿ ಕೊಡುವ ಗ್ರಂಥಪಾಲಕ ಸಿಗುವುದು ಕಷ್ಟ. ಕೊಟ್ಟರೂ ಬರುವ ಉತ್ತರ ಜೊಂಡು ಕೊಯ್ದ ಕಾಲದ್ದು, ಬರೆದ ಕಾಲದ್ದಲ್ಲ. ಅದರ ವ್ಯಾಪ್ತಿಯೂ ಎಷ್ಟೋ ಸಲ ಒಂದು ಶತಮಾನಕ್ಕೆ ಹರಡಿಕೊಳ್ಳುತ್ತದೆ. ಇಂದಿನ ಖೋಟಾ ಮಾಲನ್ನು ಹಿಡಿಯಲು ಅದು ಒಳ್ಳೆಯ ಆಯುಧ. 130ನ್ನೂ 180ನ್ನೂ ಬೇರ್ಪಡಿಸಲು ಅಲ್ಲ.

ಸುವಾರ್ತೆಯ ರಚನೆಯ ಕಾಲಕ್ಕೆ ಇದರಿಂದ ಎಷ್ಟು ಪೆಟ್ಟು? ನಾವು ನೋಡುವಂತೆ, ಬಹಳ ಇಲ್ಲ. ಒಂದು ಪ್ರತಿ ಹೇಳಬಲ್ಲದ್ದು ಮೂಲ ಇದಕ್ಕಿಂತ ಈಚಿನದಲ್ಲ ಎಂಬುದನ್ನು ಮಾತ್ರ. ಎಷ್ಟು ಹಿಂದಿನದು ಎಂದು ಅದು ಎಂದೂ ಹೇಳದು. ಮೊದಲನೆಯ ಶತಮಾನದ ಕೊನೆ ಎಂದು ಯೋಹಾನನ ಸುವಾರ್ತೆಗೆ ಕಾಲ ಹೇಳುವವರಿಗೆ ಬೇರೆ ಕಾರಣಗಳಿವೆ, ಅವು ಇದ್ದಲ್ಲೇ ಇವೆ. ಬಿದ್ದುಹೋದದ್ದು ಪಿ-52 ಒಂದೇ ಆ ವಾದವನ್ನು ಮುಗಿಸುತ್ತದೆ ಎಂಬ ನಂಬಿಕೆ.

ಇನ್ನು ಕಾಲ ಬಿಗಿಯಾಗಬೇಕಾದರೆ ದಾರಿ ಒಂದೇ ಕಾಣುತ್ತದೆ, ಎಜರ್ಟನ್ನಿಗೆ ಆದದ್ದು. ಈಜಿಪ್ಟಿನ ವ್ಯಾಪಾರಿಗಳು ಒಂದೇ ಹಸ್ತಪ್ರತಿಯ ಚೂರುಗಳನ್ನು ಬೇರೆ ಬೇರೆ ಗಿರಾಕಿಗೆ ಮಾರುತ್ತಿದ್ದರು; ಲಂಡನ್ನಿನ ಎಲೆಯ ತುಂಡು ಕಲೋನಿನಲ್ಲಿ ಸಿಕ್ಕಿದ್ದು ಅದಕ್ಕೇ. 18 ಸಾಲಿನ, ಚೌಕ ಪುಟದ, ತುದಿಗೆ ಕೊಕ್ಕೆ ಹಾಕುವ ಈ ಕೈಬರಹದ ಇನ್ನೊಂದು ಎಲೆ ಯಾವುದೋ ಸಂಗ್ರಹದ ಡಬ್ಬಿಯಲ್ಲಿ ಎರಡು ಗಾಜಿನ ನಡುವೆ ಗುರುತಾಗದೆ ಕುಳಿತಿರಬಹುದು. ಅದರ ಮೇಲೆ ಯೇಸುವಿನ ಹೆಸರು ಪೂರ್ತಿಯಾಗಿಯೋ ಕುಗ್ಗಿಯೋ ಕಂಡರೆ, ಎರಡು ವ್ಯಂಜನಗಳ ನಡುವೆ ಆ ಪುಟ್ಟ ಗುರುತು ಕಂಡರೆ, ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ.